ಹೊಟ್ಟೆಯ ಹದವರಿತ ಪಯಣ

ಕನ್ನಡ ನಾಡನ್ನು ದಕ್ಷಿಣದಿಂದ ಉತ್ತರಕ್ಕೆ ಹಾದುಹೋಗುವವನಿಗೆ ನೆಲ ಬದಲಾದುದು ಮೊದಲು ತಿಳಿಯುವುದು ಊಟದ ಎಡೆಯಲ್ಲಿ. ತುಮಕೂರಿನ ರಾಗಿಮುದ್ದೆ ಚಿತ್ರದುರ್ಗದವರೆಗೆ ಜೊತೆಗೆ ಬರುತ್ತದೆ. ಹೊಸಪೇಟೆಯ ಹೊತ್ತಿಗೆ ಅದರ ಸುಳಿವು ಕಡಿಮೆಯಾಗುತ್ತದೆ. ಮುನಿರಾಬಾದಿನ ಬಳಿ ತುಂಗಭದ್ರೆಯನ್ನು ದಾಟಿದೊಡನೆ ಜೋಳದ ರೊಟ್ಟಿಯ ಸೀಮೆ ಆರಂಭವಾಗುತ್ತದೆ. ಆರೋಗ್ಯವಂತರಿಗೆ ಇದೆಲ್ಲ ನಾಲಗೆಯ ವಿನೋದ. ಹೊಟ್ಟೆಯ ವ್ಯಾಧಿಯನ್ನು 30 ವರ್ಷಗಳಿಂದ ಜೊತೆಗಿಟ್ಟುಕೊಂಡು ತಿರುಗುವ ನನ್ನಂಥವನಿಗಾದರೋ ಪ್ರತಿಯೊಂದು ಊರೂ ಒಂದೊಂದು ಪರೀಕ್ಷೆ. ಕಳೆದ ಪುಷ್ಯ ಮಾಸದಲ್ಲಿ ತುಮಕೂರಿನಿಂದ ಹೊರಟು ಕೊಪ್ಪಳ, ಇಳಕಲ್ಲು, ಕೂಡಲಸಂಗಮಗಳ ಮಾರ್ಗವಾಗಿ ವಿಜಯಪುರವನ್ನು ಸೇರಿದೆ. ಆ ಪ್ರಯಾಣದಲ್ಲಿ ಕಂಡುದನ್ನೂ ಈ ವ್ಯಾಧಿಯೊಡನೆ ಬಾಳುವ ಬಗೆಯನ್ನೂ ಓದುಗ ಬಂಧುಗಳ ಮುಂದಿಡಬೇಕೆನಿಸಿದೆ.

ವ್ಯಾಧಿಯ ಹೆಸರನ್ನು ಮೊದಲೇ ಹೇಳಿಬಿಡುವುದು ಲೇಸು. ವೈದ್ಯರು ಇದನ್ನು ಇರಿಟಬಲ್ ಬವೆಲ್ ಸಿಂಡ್ರೋಮ್ ಎನ್ನುತ್ತಾರೆ. ಕೆರಳುವ ಕರುಳಿನ ಬೇನೆ ಎಂದು ನಾವು ಕರೆಯಬಹುದು. ಹೊಟ್ಟೆ ನುಲಿಯುವುದು, ಉಬ್ಬರ, ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ, ಇನ್ನು ಕೆಲವರಿಗೆ ಎರಡೂ ಸರದಿಯಂತೆ ಬರುವುದು ಇದರ ಲಕ್ಷಣ. ರಕ್ತವನ್ನು ಪರೀಕ್ಷಿಸಿದರೂ, ಸ್ಕ್ಯಾನಿಂಗ್ ಮಾಡಿದರೂ, ಕೊಳವೆ ಇಳಿಸಿ ನೋಡಿದರೂ ಹುಣ್ಣಾಗಲಿ ಗೆಡ್ಡೆಯಾಗಲಿ ಕಾಣದು. ಆಗ ಮನೆಯವರು, "ಏನೂ ಇಲ್ಲವಂತೆ, ಎಲ್ಲ ಮನಸ್ಸಿನ ಭ್ರಮೆ" ಎಂದುಬಿಡುತ್ತಾರೆ. ಇದು ಸರಿಯಲ್ಲ. ಕರುಳಿನ ಗೋಡೆಯಲ್ಲಿ ಕೋಟ್ಯಂತರ ನರಕೋಶಗಳಿದ್ದು, ಅವು ಮೆದುಳಿನೊಡನೆ ಸದಾ ಸಂಪರ್ಕದಲ್ಲಿರುತ್ತವೆ. ಈ ವ್ಯಾಧಿಯಲ್ಲಿ ಆ ಸಂಪರ್ಕವೇ ಹದ ತಪ್ಪಿರುತ್ತದೆ. ಇತರರ ಅರಿವಿಗೆ ಬಾರದಷ್ಟು ವಾಯುವಿನ ಒತ್ತಡವೂ ರೋಗಿಗೆ ನೋವಾಗಿಯೇ ತಿಳಿಯುತ್ತದೆ. ಚಿಂತೆಯಿಂದ ನೋವು ಹೆಚ್ಚುವುದುಂಟು. ಆದರೆ ನೋವು ನಿಜವಾದುದೇ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 15ನೆಯ ಅಧ್ಯಾಯವಿಡೀ ಗ್ರಹಣಿ ರೋಗಕ್ಕೆ ಮೀಸಲಾಗಿದೆ. ಅದೂ ಇದೂ ಒಂದೇ ಎನ್ನಲಾಗದಿದ್ದರೂ, ಕೆಟ್ಟ ಕರುಳಿನ ಸಂಕಟವನ್ನು ನಮ್ಮ ಪ್ರಾಚೀನರು ಭ್ರಮೆಯೆಂದು ತಳ್ಳಿಹಾಕಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ತುಮಕೂರಿನಿಂದ ಹೊರಡುವ ಮುನ್ನಾದಿನ ಸಿದ್ಧಗಂಗೆಯಲ್ಲಿ ಪ್ರಸಾದ ಸ್ವೀಕರಿಸಿದೆ. ಸಾವಿರಾರು ವಿದ್ಯಾರ್ಥಿಗಳು ಸಾಲಾಗಿ ಕುಳಿತು, ನಿಯತ ವೇಳೆಗೆ, ಒಂದೇ ಬಗೆಯ ಸಾದಾ ಊಟ ಮಾಡುವ ದೃಶ್ಯವನ್ನು ಅಲ್ಲಿ ಕಾಣಬೇಕು. 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಡಾ. ಶಿವಕುಮಾರ ಮಹಾಸ್ವಾಮಿಗಳು ಮಿತವೂ ನಿಯತವೂ ಆದ ಆಹಾರಕ್ಕೆ ಹೆಸರಾಗಿದ್ದವರು. ಕೆರಳುವ ಕರುಳಿಗೆ ಮೊದಲ ಔಷಧವೇ ಈ ನಿಯತ ವೇಳೆ. ಬೆಳಗಿನಿಂದ ಉಪವಾಸವಿದ್ದು ಮೂರು ಗಂಟೆಗೆ ಹೊಟ್ಟೆ ಬಿರಿಯುವಂತೆ ಉಣ್ಣುವುದಕ್ಕಿಂತ, ಸ್ವಲ್ಪ ಸ್ವಲ್ಪವಾಗಿ ಗೊತ್ತಾದ ಹೊತ್ತಿಗೆ ಉಣ್ಣುವುದು ಅದಕ್ಕೆ ಹಿತ.

ಪ್ರಯಾಣದ ದಿನದ ಕಷ್ಟವೇ ಬೇರೆ. ಊಟದ ಭಯಕ್ಕಿಂತ ಶೌಚಾಲಯದ ಭಯ ದೊಡ್ಡದು. ಬಸ್ಸು ಎಲ್ಲಿ ನಿಲ್ಲುವುದೋ, ನಿಂತಲ್ಲಿ ಅನುಕೂಲವಿರುವುದೋ ಇಲ್ಲವೋ ಎಂಬ ಆತಂಕವೇ ಹೊಟ್ಟೆಯನ್ನು ಕೆಡಿಸಲು ಸಾಕು. ನಾನು ಬಸ್ಸಿನ ವೇಳೆಗೆ ಮೂರು ಗಂಟೆ ಮೊದಲೇ ಏಳುತ್ತೇನೆ. ಬಿಸಿನೀರು ಕುಡಿದು, ಸ್ನಾನ ಲಿಂಗಪೂಜೆಗಳನ್ನು ಮುಗಿಸಿ, ಹಗುರವಾಗಿ ಏನಾದರೂ ಸೇವಿಸುತ್ತೇನೆ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚಲಿಸತೊಡಗುವುದು ದೇಹದ ಸಹಜ ಧರ್ಮ. ಬೆಳಿಗ್ಗೆ ಆ ಚಲನೆ ಇನ್ನೂ ಪ್ರಬಲ. ಅದಕ್ಕೆ ಅವಸರವಿಲ್ಲದ ಅರ್ಧ ಗಂಟೆಯನ್ನು ಬಿಟ್ಟುಕೊಟ್ಟರೆ ಮುಂದಿನ ದಾರಿ ಸುಗಮ. ಚೀಲದಲ್ಲಿ ಮನೆಯಿಂದ ತಂದ ನೀರು, ಅವಲಕ್ಕಿ, ಎರಡು ಬಾಳೆಹಣ್ಣು, ಭೇದಿಯಾದರೆ ನೀರಿನಲ್ಲಿ ಕರಗಿಸಿ ಕುಡಿಯಲು ಓ.ಆರ್.ಎಸ್. ಪೊಟ್ಟಣಗಳು ಇರುತ್ತವೆ. ನಿಲ್ದಾಣದ ಬಜ್ಜಿಯನ್ನೂ ಮತ್ತೆ ಮತ್ತೆ ಕುದಿಸಿದ ಚಹಾವನ್ನೂ ದೂರದಿಂದಲೇ ನಮಸ್ಕರಿಸುತ್ತೇನೆ. ಆ ದಿನ ನನ್ನ ಪಕ್ಕದ ಆಸನದಲ್ಲಿದ್ದ ತಾಯಿಯೊಬ್ಬರು ಚಿತ್ರದುರ್ಗದಿಂದ ಹೊಸಪೇಟೆಯವರೆಗೆ ಒಂದು ಗುಟುಕು ನೀರನ್ನೂ ಕುಡಿಯಲಿಲ್ಲ. ಇಳಿಯಲು ಅನುಕೂಲವಿಲ್ಲವೆಂದು ನಮ್ಮ ಹೆಣ್ಣುಮಕ್ಕಳು ಬಾಯಾರಿಕೆಯನ್ನೇ ತಡೆಯುತ್ತಾರೆ. ಮಲಬದ್ಧತೆಗೂ ಉರಿಮೂತ್ರಕ್ಕೂ ಇದು ದಾರಿ. ಯಾತ್ರೆಯನ್ನು ಏರ್ಪಡಿಸುವ ಹಿರಿಯರು ನಿಲುಗಡೆಗಳನ್ನು ಗೊತ್ತುಮಾಡುವಾಗ ಇದನ್ನು ಮೊದಲು ಗಮನಿಸಬೇಕು.

ಕೊಪ್ಪಳದ ಗವಿಮಠದ ಜಾತ್ರೆ ಅನ್ನದ ಜಾತ್ರೆಯೆಂದೇ ಹೇಳಬೇಕು. ಸುತ್ತಲಿನ ಹಳ್ಳಿಗಳ ತಾಯಂದಿರು ಮನೆಮನೆಯಲ್ಲಿ ರೊಟ್ಟಿ ಬಡಿದು ಗಾಡಿ, ಟ್ರ್ಯಾಕ್ಟರುಗಳಲ್ಲಿ ಕಳುಹಿಸುತ್ತಾರೆ. ಲಕ್ಷಗಟ್ಟಲೆ ರೊಟ್ಟಿಗಳು ಗೋಡೆಯಂತೆ ಪೇರಿಸಿಟ್ಟಿರುತ್ತವೆ. ಜೊತೆಗೆ ಮಾದಲಿ, ಕಾಳಿನ ಪಲ್ಯ, ಅನ್ನ, ಸಾಂಬಾರು. ಬಡಿಸುವ ಯುವಕ ಬಾಗಿ, "ಇನ್ನೊಂದು ರೊಟ್ಟಿ ತಗೋರಿ ಅಜ್ಜಾರ, ಸಂಕೋಚ ಮಾಡಬ್ಯಾಡ್ರಿ" ಎಂದಾಗ ಬೇಡವೆನ್ನುವುದು ಸುಲಭವಲ್ಲ. ನಮ್ಮಲ್ಲಿ ಪ್ರೀತಿ ಬಡಿಸುವ ಕೈಯಿಂದಲೇ ಹರಿಯುತ್ತದೆ. ನಿರಾಕರಿಸಿದರೆ ಪ್ರೀತಿಯನ್ನೇ ನಿರಾಕರಿಸಿದಂತೆ ಕಾಣುತ್ತದೆ. ಆದರೆ ಎಡೆಯಲ್ಲಿ ಅಗುಳನ್ನೂ ಬಿಡಬಾರದೆಂಬ ಸಂಪ್ರದಾಯವೂ ನಮ್ಮದೇ ಅಲ್ಲವೇ? ಬಿಡಬಾರದೆಂದಾದರೆ ಮೊದಲೇ ಅಳತೆಯರಿತು ಹಾಕಿಸಿಕೊಳ್ಳಬೇಕು. ನಾನು ಕೈಮುಗಿದು ಅರ್ಧ ರೊಟ್ಟಿ, ಒಂದು ಚಮಚ ಮಾದಲಿ, ಸ್ವಲ್ಪ ಅನ್ನ ಕೇಳಿದೆ. ಪ್ರಸಾದದ ಹಿರಿಮೆ ಗಾತ್ರದಲ್ಲಿಲ್ಲ. ಹೊಟ್ಟೆಯನ್ನು ಮೂರು ಪಾಲು ಮಾಡಿ ಒಂದನ್ನು ಗಟ್ಟಿ ಆಹಾರಕ್ಕೆ, ಒಂದನ್ನು ದ್ರವಕ್ಕೆ, ಇನ್ನೊಂದನ್ನು ದೋಷಗಳ ಸಂಚಾರಕ್ಕೆ ಬಿಡಬೇಕೆಂದು ಚರಕರು ವಿಧಿಸಿರುವುದನ್ನು ದಾಸೋಹದ ಪಂಕ್ತಿಯಲ್ಲಿಯೂ ಪಾಲಿಸಬಹುದು.

ಕೊಪ್ಪಳದಿಂದ ಕುಷ್ಟಗಿಯ ಮೇಲೆ ಇಳಕಲ್ಲಿಗೆ ಬಂದು ಪರಿಚಿತರ ಮನೆಯಲ್ಲಿ ಇಳಿದುಕೊಂಡೆ. ಮಲೆನಾಡಿನಿಂದ ಬಂದ ಸೊಸೆ. ಮದುವೆಯಾಗಿ ಎರಡು ವರ್ಷ. ಆಕೆ ಪಂಕ್ತಿಯಲ್ಲಿ ಕೂಡುವುದಿಲ್ಲ, ಬೀಗರ ಊಟಕ್ಕೆ ಬರುವುದಿಲ್ಲ ಎಂಬುದು ಅತ್ತೆಯವರ ಕೊರಗು. "ನಮ್ಮ ರೊಟ್ಟಿ ಆಕಿಗೆ ಸೇರೂದಿಲ್ರಿ" ಎಂದು ನನ್ನೆದುರೇ ಹೇಳಿದರು. ಊಟಕ್ಕೆ ಕುಳಿತಾಗ ಹಸಿ ಉಳ್ಳಾಗಡ್ಡಿಯನ್ನೂ ಮಡಕಿಕಾಳಿನ ಪಲ್ಯವನ್ನೂ ಬೇಡವೆಂದು, ಬೇಡವೆಂದುದಕ್ಕೆ ಕಾರಣವನ್ನೂ ಮುಚ್ಚಿಡದೆ ತಿಳಿಸಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆ ಹೆಣ್ಣುಮಗಳು ಮೆಲ್ಲನೆ, "ನಿಮಗೂ ಹೀಗಾಗತ್ತಾ ಅಜ್ಜ?" ಎಂದು ಕೇಳಿದಳು. ಎರಡು ವರ್ಷದ ಸಂಕಟ ಆಗ ಹೊರಬಂತು. ಊಟವಾದ ಕೂಡಲೇ ಹೊಟ್ಟೆ ಉಬ್ಬಿ ನುಲಿಯುವುದನ್ನು ಯಾರೊಡನೆ ಹೇಳಿಕೊಳ್ಳುವುದೆಂದು ತಿಳಿಯದೆ ಆಕೆ ಉಣ್ಣುವುದನ್ನೇ ಕಡಿಮೆ ಮಾಡಿದ್ದಳು. ಅತ್ತೆ ಕ್ಷಣಕಾಲ ಮಾತಿಲ್ಲದೆ ನಿಂತು, "ಯವ್ವಾ, ಹೇಳಬಾರದಾಗಿತ್ತೇನ? ನಾ ಸೊಕ್ಕು ಅಂತ ತಿಳ್ಕೊಂಡಿದ್ದೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ರೊಟ್ಟಿಯ ಮೇಲೆ ಸುಮ್ಮನೆ ಅಪವಾದ ಬಂದಿತ್ತು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಈ ಶತಮಾನದ ಆರಂಭದಿಂದ ನಡೆಸಿದ ಅಧ್ಯಯನಗಳು ಇದನ್ನು ಚೆನ್ನಾಗಿ ವಿವರಿಸುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋದಿ, ಹಲವು ಕಾಳುಗಳು, ಹಾಲು ಇವುಗಳಲ್ಲಿರುವ ಕೆಲವು ಸಕ್ಕರೆಯಂಥ ಅಂಶಗಳು ಸಣ್ಣ ಕರುಳಿನಲ್ಲಿ ಪೂರ್ತಿಯಾಗಿ ಹೀರಲ್ಪಡುವುದಿಲ್ಲ. ಅವು ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗಿ ವಾಯುವನ್ನುಂಟುಮಾಡುತ್ತವೆ. ಇವನ್ನು ಕೆಲವು ವಾರ ಬಿಟ್ಟು, ಅನಂತರ ಒಂದೊಂದನ್ನಾಗಿ ಮರಳಿ ತಂದು, ತನಗೆ ಒಗ್ಗದ್ದು ಯಾವುದೆಂದು ಕಂಡುಕೊಳ್ಳಬೇಕು. ಆಜೀವ ಪರ್ಯಂತ ಎಲ್ಲವನ್ನೂ ಬಿಡುವುದು ಬೇಕಿಲ್ಲ; ಬಿಟ್ಟರೆ ಪೋಷಣೆಗೇ ಧಕ್ಕೆ. ಆಹಾರತಜ್ಞರ ಸಲಹೆ ದೊರೆತರೆ ಉತ್ತಮ. ಅಡುಗೆಮನೆಗೆ ಒಂದು ಉಪಾಯವುಂಟು: ಬೆಳ್ಳುಳ್ಳಿಯ ಆ ಅಂಶ ಎಣ್ಣೆಯಲ್ಲಿ ಕರಗುವುದಿಲ್ಲವಾದ್ದರಿಂದ, ಎಸಳನ್ನು ಎಣ್ಣೆಯಲ್ಲಿ ಬಾಡಿಸಿ ಹೊರತೆಗೆದು, ಆ ಎಣ್ಣೆಯಲ್ಲಿಯೇ ಒಗ್ಗರಣೆ ಕೊಟ್ಟರೆ ಪರಿಮಳವೂ ಉಳಿಯುತ್ತದೆ, ಹೊಟ್ಟೆಯೂ ಉಳಿಯುತ್ತದೆ. ಹಾಲು ಒಗ್ಗದ ಅನೇಕರಿಗೆ ಮೊಸರು, ಮಜ್ಜಿಗೆ ಒಗ್ಗುತ್ತವೆ. ಹೆಪ್ಪಾಗುವಾಗ ಹಾಲಿನ ಸಕ್ಕರೆ ಒಂದಿಷ್ಟು ಕರಗಿಹೋಗುತ್ತದೆ. ಆದರೂ ಆಕೆಯನ್ನು ವೈದ್ಯರಿಗೊಮ್ಮೆ ತೋರಿಸಿರೆಂದು ಹೇಳಿಯೇ ಹೊರಟೆ. ಗೋದಿಯ ಅಂಟಿನಿಂದಲೇ ಕರುಳು ಕೆಡುವ ಸೀಲಿಯಾಕ್ ಎಂಬ ಬೇರೊಂದು ರೋಗವೂ ಉಂಟು. ಅದರ ರಕ್ತಪರೀಕ್ಷೆಯನ್ನು ಗೋದಿ ಬಿಡುವುದಕ್ಕೆ ಮೊದಲೇ ಮಾಡಿಸಬೇಕು, ಇಲ್ಲವಾದರೆ ಫಲಿತಾಂಶ ದಾರಿತಪ್ಪಿಸಬಹುದು.

ಮರುದಿನ ಕೃಷ್ಣಾ ಮಲಪ್ರಭೆಯರು ಕೂಡುವ ಸಂಗಮದ ದಡದಲ್ಲಿ ಬಹಳ ಹೊತ್ತು ಕುಳಿತಿದ್ದೆ. ಪಾಠಶಾಲೆಯಲ್ಲಿ ನನ್ನೊಡನೆ ಓದಿದ ಗೆಳೆಯರೊಬ್ಬರ ನೆನಪು ಅಲ್ಲಿ ಒತ್ತರಿಸಿ ಬಂತು. ಮಲದಲ್ಲಿ ರಕ್ತ ಕಾಣುತ್ತಿದ್ದುದನ್ನು ಅವರು ಮೂಲವ್ಯಾಧಿಯೆಂದು ಭಾವಿಸಿ, ಸಂಕೋಚದಿಂದ ಎರಡು ವರ್ಷ ಮುಚ್ಚಿಟ್ಟರು. ದೊಡ್ಡ ಕರುಳಿನ ಅರ್ಬುದವೆಂದು ತಿಳಿಯುವಷ್ಟರಲ್ಲಿ ಅದು ಯಕೃತ್ತಿಗೆ ಹರಡಿತ್ತು. ಆದುದರಿಂದ ಒತ್ತಿ ಹೇಳುತ್ತೇನೆ: ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಬಿಡದ ಜ್ವರ, ನಿದ್ರೆಯಿಂದ ಎಬ್ಬಿಸುವ ಭೇದಿ, ನುಂಗಲು ಕಷ್ಟ, 50 ದಾಟಿದ ಮೇಲೆ ಹೊಸದಾಗಿ ಶೌಚದ ಕ್ರಮ ಬದಲಾಗುವುದು, ಮನೆತನದಲ್ಲಿ ಕರುಳಿನ ಅರ್ಬುದ ಇದ್ದುದು, ಇವುಗಳಲ್ಲಿ ಒಂದಿದ್ದರೂ ಮನೆಮದ್ದನ್ನು ನಂಬಿ ಕೂಡಬಾರದು. ಕೂಡಲೇ ವೈದ್ಯರನ್ನು ಕಾಣಬೇಕು. ನಾಚಿಕೆಗೆ ಇಲ್ಲಿ ಸ್ಥಳವಿಲ್ಲ.

ನಿಡಗುಂದಿ, ಬಸವನ ಬಾಗೇವಾಡಿಗಳನ್ನು ಹಾದು ವಿಜಯಪುರದತ್ತ ಸಾಗಿದಂತೆ ರಸ್ತೆಯ ಇಕ್ಕೆಲಗಳಲ್ಲಿಯೂ ಹಿಂಗಾರಿ ಜೋಳ ತೆನೆಗಟ್ಟಿ ನಿಂತಿತ್ತು. ಮಳೆಗಾಲದಲ್ಲಿ ಕುಡಿದ ನೀರನ್ನು ಎರೆಭೂಮಿ ಒಡಲಲ್ಲಿ ಹಿಡಿದಿಟ್ಟು ಚಳಿಗಾಲವಿಡೀ ಬೆಳೆಗೆ ಸ್ವಲ್ಪ ಸ್ವಲ್ಪವಾಗಿ ಉಣಿಸುತ್ತದೆ. ಹೊಲವೊಂದರಲ್ಲಿ ಎಳೆಯ ತೆನೆ ಸುಟ್ಟು ಸೀತನಿ ಕೊಟ್ಟರು. ಒಂದು ಹಿಡಿಯನ್ನು ನಿಧಾನವಾಗಿ ಅಗಿದು ತಿಂದೆ. ಜೋಳದಲ್ಲಿ ಗೋದಿಯ ಅಂಟಿಲ್ಲ. ಆದ್ದರಿಂದಲೇ ಹಿಟ್ಟನ್ನು ಕುದಿಯುವ ನೀರಿನಲ್ಲಿ ನಾದಿ ಕೈಯಿಂದ ಬಡಿಯಬೇಕಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ನಾರು ಒಳ್ಳೆಯದೆಂದು ಒಂದೇ ದಿನ ನಾಲ್ಕು ರೊಟ್ಟಿ ತಿಂದರೆ ಅನ್ನಕ್ಕೆ ಒಗ್ಗಿದ ಕರುಳು ಮುನಿಯುತ್ತದೆ. ಅರ್ಧದಿಂದ ಆರಂಭಿಸಿ ವಾರಗಳಲ್ಲಿ ಏರಿಸಬೇಕು, ನೀರನ್ನೂ ಹೆಚ್ಚಿಸಬೇಕು. ಮಲಬದ್ಧತೆಗೆ ಇಸಬಗೋಲು ಹಿತವಾದುದು. ಅದನ್ನೂ ಸಾಕಷ್ಟು ನೀರಿನೊಡನೆಯೇ ಸೇವಿಸಬೇಕು.

ಅತಿಥಿಸತ್ಕಾರದಲ್ಲಿ ನಮ್ಮ ಮನೆತನಗಳು ಯಾರಿಗೂ ಕಡಿಮೆಯಲ್ಲ. ಈ ಸತ್ಕಾರಕ್ಕೆ ಒಂದು ಮಾತನ್ನು ಸೇರಿಸಿಕೊಳ್ಳುವುದು ಉಚಿತ. ಬಂದವರನ್ನು "ಇನ್ನೊಂದು ಹಾಕಲೇ?" ಎಂದು ಕೇಳುವುದಕ್ಕೆ ಮೊದಲು "ನಿಮಗೆ ಯಾವುದು ಒಗ್ಗುತ್ತದೆ?" ಎಂದು ಕೇಳೋಣ. ಪ್ರಯಾಣದಿಂದ ಬಂದವರಿಗೆ ಶೌಚಾಲಯದ ದಾರಿಯನ್ನು, ಅವರು ಕೇಳುವ ಮುನ್ನವೇ, ತೋರಿಸೋಣ. ಮನೆಯ ಸೊಸೆ, ಮಗಳು, ಹಾಸ್ಟೆಲಿನಿಂದ ಬಂದ ಹುಡುಗ ತಟ್ಟೆಯ ಮುಂದೆ ಹಿಂಜರಿದರೆ ಗದರದೆ ಕಾರಣವನ್ನು ಕೇಳೋಣ. ಹೊಟ್ಟೆಯ ನೋವನ್ನು ನಿರ್ಭಯವಾಗಿ ಹೇಳಿಕೊಳ್ಳಬಹುದಾದ ಮನೆಯಲ್ಲಿ ಅರ್ಧ ರೊಟ್ಟಿಯೂ ತುಂಬಿದ ಊಟವೇ ಆಗುತ್ತದೆ.