ಪೆಟ್ರೋಲಿಗೂ ಒಂದು ಜರಡಿ

ಟೀ ಸೋಸುತ್ತೇವೆ, ಹಾಲು ಸೋಸುತ್ತೇವೆ, ಹಿಟ್ಟು ಜರಡಿ ಹಿಡಿಯುತ್ತೇವೆ. ಹಪ್ಪಳ ಕರಿದು ಉಳಿದ ಎಣ್ಣೆಯನ್ನೂ ಬಟ್ಟೆಯಲ್ಲಿ ಸೋಸಿಯೇ ಡಬ್ಬಿಗೆ ಹಾಕುತ್ತೇವೆ. ಮನೆ ಮುಂದಿನ ಮೋಟಾರ್ ಸೈಕಲ್ ಕುಡಿಯುವ ಪೆಟ್ರೋಲಿನ ವಿಷಯ ಬಂದರೆ ಮಾತ್ರ, 'ಅದು ಗಂಡಸರ ಬಾಬತ್ತು ಕಣ್ರೀ' ಅಂತ ಒಳಗೆ ಹೋಗಿಬಿಡುತ್ತೇವೆ. ಆ ಗಂಡಸರು ಹೊತ್ತಿಗೆ ಸರಿಯಾಗಿ ಮನೆ ಸೇರಬೇಕಲ್ಲ, ಸೋದರಿಯರೇ!

ನಮ್ಮ ಮನೆಯಲ್ಲಿರುವುದು ಮಾವನವರು ಕೊಂಡ ಹಳೆಯ ಯೆಜ್ಡಿ. ಮೈಸೂರಿನ ಯಾದವಗಿರಿಯಲ್ಲಿ ತಯಾರಾದದ್ದು. ಆ ಕಾರ್ಖಾನೆ 1996ರಲ್ಲೇ ಮುಚ್ಚಿಹೋಯಿತು. ಒದ್ದು ಎಬ್ಬಿಸುವ ಸನ್ನೆಯೇ ಗೇರು ಹಾಕುವ ಸನ್ನೆಯೂ ಆಗುವ ವಿಚಿತ್ರ ಗಾಡಿ ಅದು. ಬೇರೆ ಕೊಳ್ಳಿ ಅಂದರೆ ನಮ್ಮವರು, "ಅಪ್ಪಂದು ಕಣೇ" ಅಂತಾರೆ. ಅಲ್ಲಿಗೆ ಮಾತು ಮುಗಿಯಿತು.

ಹಳೆಯ ಟ್ಯಾಂಕಿನೊಳಗೆ ತುಕ್ಕು ಇದ್ದದ್ದೇ. ಅದರ ಮೇಲೆ ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. 2025ರ ಹೊತ್ತಿಗೆ ಅದು ನೂರಕ್ಕೆ 20 ಪಾಲಿಗೆ ಬಂತು. ಎಥನಾಲಿಗೆ ನೀರಿನ ಪಸೆ ಎಳೆದುಕೊಳ್ಳುವ ಗುಣ, ಮಳೆಗಾಲದಲ್ಲಿ ಉಪ್ಪಿನ ಜಾಡಿಯ ಹಾಗೆ. ನೀರು ಹೆಚ್ಚಾದರೆ ತಳಕ್ಕಿಳಿದು ಕೂರುತ್ತದೆ, ತುಕ್ಕು ಬೆಳೆಯುತ್ತದೆ. ಟ್ಯಾಂಕಿನ ನಲ್ಲಿಯಲ್ಲಿ ಒಂದು ಜಾಲರಿ ಇದ್ದರೂ ನುಣುಪಾದ ತುಕ್ಕು ಅದರಲ್ಲಿ ನುಸುಳಿ ಕಾರ್ಬುರೇಟರಿಗೆ ಹೋಗುತ್ತದೆ. ಅಲ್ಲಿ ಪೆಟ್ರೋಲು ಚಿಮ್ಮುವ ತೂತು ಸೂಜಿಯ ಕಣ್ಣಿಗಿಂತ ಚಿಕ್ಕದು. ಒಂದು ಕಣ ಕೂತರೆ ಗಾಡಿ ಕೆಮ್ಮಿ ನಿಲ್ಲುತ್ತದೆ.

ನಮ್ಮ ಗಾಡಿ ಹೀಗೆ ಎರಡು ಮೂರು ಸಲ ನಿಂತ ಮೇಲೆ ನಮ್ಮವರು ಫಿಲ್ಟರು ಹಾಕಿಸಿಕೊಂಡು ಬಂದರು. ಹಾಕಿದವನು ಕೈಗೆ ಸಿಕ್ಕ ಕಾಗದದ ದೊಡ್ಡ ಫಿಲ್ಟರನ್ನೇ ಸಿಕ್ಕಿಸಿ ಕಳಿಸಿದ್ದ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಿಂದ ವಾಪಸು ಬರುವಾಗ, ಏರಿನಲ್ಲಿ, ಎಂಜಿನ್ನು ಬಿಗಿದು ಹಿಂದಿನ ಚಕ್ರ ಗಪ್ಪಂತ ಹಿಡಿದುಕೊಂಡಿತಂತೆ. ಹಿಂದೆ ಲಾರಿ ಇರಲಿಲ್ಲ, ನನ್ನ ಪುಣ್ಯ. ಮೊಣಕೈ ಕಿತ್ತುಹೋಗಿ ಎರಡು ವಾರ ಬ್ಯಾಂಡೇಜು.

ಯಾಕೆ ಹೀಗಾಯಿತು ಅಂತ ಬಿಡಿಸಿ ಹೇಳಿದ್ದು ಗಾಡಿ ಬಿಚ್ಚಿದ ಮುದುಕ ಮೇಸ್ತ್ರಿ. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡೆ. ಇದು ಎರಡು ಸ್ಟ್ರೋಕಿನ ಎಂಜಿನ್ನು. ಪಿಸ್ಟನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿರುತ್ತಾರೆ. ಹಾಗಾಗಿ ಪೆಟ್ರೋಲು ಕಡಮೆಯಾದರೆ ಎಣ್ಣೆಯೂ ಕಡಮೆ. ಕಾಗದದ ಫಿಲ್ಟರು ಸಾಮಾನ್ಯವಾಗಿ ಪಂಪು ತಳ್ಳುವ ವಾಹನಗಳಿಗೆ. ಇಲ್ಲಿ ಪಂಪಿಲ್ಲ, ಪೆಟ್ರೋಲು ತನ್ನ ಭಾರಕ್ಕೇ ಇಳಿಯಬೇಕು. ದೋಸೆ ಹಿಟ್ಟನ್ನು ಟೀ ಜಾಲರಿಯಲ್ಲಿ ಸೋಸಲು ಹೋದ ಹಾಗಾಯಿತು! ತಪ್ಪು ಫಿಲ್ಟರಿಗಿಂತ ಫಿಲ್ಟರಿಲ್ಲದಿರುವುದೇ ಮೇಲು ಅಂದರು ಅವರು. ಗಾಡಿ ತೊದಲಿದ ತಕ್ಷಣ ಕ್ಲಚ್ಚು ಹಿಡಿದುಬಿಡಬೇಕು ಅಂತಲೂ ಹೇಳಿದರು. ಇದನ್ನು ನಿಮ್ಮವರಿಗೂ ಹೇಳಿಡಿ.

ನಮ್ಮವರ ಕೈ ಕಟ್ಟಿತ್ತಲ್ಲ, ಹೊಸದನ್ನು ನಾನೇ ಹಾಕಿದೆ. ನೈಲಾನ್ ಜಾಲರಿಯ, ಒಳಗೆ ಕಾಣುವಂಥ ಪುಟ್ಟ ಫಿಲ್ಟರು, ನನಗೆ 60 ರೂಪಾಯಿಗೆ ಸಿಕ್ಕಿತು. ಅದರ ಮೂತಿ ನಿಮ್ಮ ಪೈಪಿನ ಅಳತೆಗೆ ಕೂರಬೇಕು. ಹಳೆಯ ರಬ್ಬರು ಪೈಪು ಎಥನಾಲಿಗೆ ಬಿರುಕು ಬಿಡುವುದುಂಟು, ಅದಕ್ಕೇ ಎಥನಾಲ್ ತಡೆಯುವ ಹೊಸ ಪೈಪನ್ನೂ ತಂದೆ. ಎಂಜಿನ್ನು ಪೂರಾ ತಣ್ಣಗಿರಲಿ, ಅಂಗಳದಲ್ಲಿ ಕೆಲಸ ಮಾಡಿ, ಒಲೆ, ಊದುಬತ್ತಿ, ದೇವರ ದೀಪ ಯಾವುದೂ ಹತ್ತಿರ ಬೇಡ. ನಲ್ಲಿ ಬಂದ್ ಮಾಡಿ, ಕಾರ್ಬುರೇಟರಿನ ಕಡೆಯಿಂದ ಪೈಪು ಕಿತ್ತು, ಉಳಿದ ಪೆಟ್ರೋಲನ್ನು ಸೀಸೆಗೆ ಹಿಡಿಯಿರಿ. ಹೊಸ ಪೈಪನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ ನಡುವೆ ಫಿಲ್ಟರು ಸಿಕ್ಕಿಸಬೇಕು. ಅದರ ಮೇಲಿನ ಬಾಣದ ಗುರುತು ಕಾರ್ಬುರೇಟರಿನ ಕಡೆಗಿರಲಿ. ಎರಡೂ ಕಡೆ ಕ್ಲಿಪ್ಪು ಬೇಕೇ ಬೇಕು. ಪೈಪು ಎಲ್ಲೂ ಮಡಚದೆ, ಬಿಸಿ ಎಂಜಿನ್ನಿಗೆ ತಾಗದೆ ಕೆಳಮುಖವಾಗಿ ಇಳಿಯಬೇಕು.

ಕಾರ್ಬುರೇಟರಿಗೆ ಸೇರಿಸುವ ಮುಂಚೆ ಪೈಪಿನ ತುದಿಯನ್ನು ಸೀಸೆಯೊಳಗಿಟ್ಟು ನಲ್ಲಿ ತಿರುಗಿಸಿ ನೋಡಿ. ಧಾರೆ ಕಡಿಯದೆ ಬಂದರೆ ಸರಿ. ತೊಟ್ಟಿಕ್ಕಿದರೆ ಗಾಡಿ ಓಡಿಸಲೇಬೇಡಿ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗಾಗಿ ಸಣ್ಣ ತೂತಿದೆ, ಅದು ಕಟ್ಟಿದರೂ ಹೀಗೇ ಆಗುತ್ತದೆ. ಎಲ್ಲ ಸೇರಿಸಿದ ಮೇಲೆ ನಲ್ಲಿ ಬಿಟ್ಟು ಕಾಲು ಗಂಟೆ ಕಾದು, ಕೂಡುವ ಜಾಗಗಳನ್ನು ಒಣಬಟ್ಟೆಯಿಂದ ಒರೆಸಿ ನೋಡಿ. ಒದ್ದೆಯಾದರೆ ಮತ್ತೆ ಬಿಗಿಮಾಡಿ. ಫಿಲ್ಟರಿನಲ್ಲಿ ಅರ್ಧ ಗಾಳಿ ಕಂಡರೆ ಗಾಬರಿ ಬೇಡ, ಪೆಟ್ರೋಲು ಇಳಿಯುತ್ತಿದ್ದರೆ ಸಾಕು.

ಇದೆಲ್ಲ ಕಾರ್ಬುರೇಟರ್ ಇರುವ ಹಳೆಯ ಗಾಡಿಗಳ ಮಾತು. ಈಗಿನ ಹೊಸ ಗಾಡಿಗಳಲ್ಲಿ ಪಂಪು ಒತ್ತಡದಿಂದ ಪೆಟ್ರೋಲು ಕಳಿಸುತ್ತದೆ, ಅವುಗಳ ಪೈಪಿಗೆ ಕೈ ಹಾಕಲೇಬೇಡಿ.

ಜರಡಿ ಹಿಡಿದ ಮಾತ್ರಕ್ಕೆ ಹುಳ ಬಿದ್ದ ಹಿಟ್ಟು ಒಳ್ಳೆಯದಾಗುತ್ತದೆಯೇ? ಟ್ಯಾಂಕಿನ ತುಕ್ಕು ತೊಳೆಸಲೇಬೇಕು. ನೀರನ್ನಂತೂ ಈ ಜಾಲರಿ ತಡೆಯುವುದೇ ಇಲ್ಲ. ನಾನು ಹಾಕಿದ ಮೊದಲನೇ ಫಿಲ್ಟರು ಒಂದೇ ತಿಂಗಳಿಗೆ ಕಾಫಿ ಗಸಿಯ ಬಣ್ಣಕ್ಕೆ ತಿರುಗಿತ್ತು, ತೆಗೆದು ಎಸೆದೆ. ಟ್ಯಾಂಕು ತೊಳೆಸಿದ ಮೇಲೆ ಹಾಕಿದ ಎರಡನೆಯದನ್ನು ಪ್ರತಿ ಶನಿವಾರ ಅಂಗಳ ಗುಡಿಸುವಾಗ ಬಗ್ಗಿ ನೋಡುತ್ತೇನೆ. ಇನ್ನೂ ತಿಳಿಯಾಗಿದೆ.