ಸಸಿಹಿತ್ಲು: ಅಲೆಗಳ ಪಂಚಾಂಗ

ಮಂಗಳೂರಿನಿಂದ ಉಡುಪಿಯತ್ತ ಸಾಗುವ ಹೆದ್ದಾರಿಯಲ್ಲಿ ಸುರತ್ಕಲ್ಲು, ಮುಕ್ಕಗಳನ್ನು ಹಿಂದಿಕ್ಕಿ ಪಾವಂಜೆಯ ಹೊಳೆಯನ್ನು ದಾಟಿದರೆ ಹಳೆಯಂಗಡಿ. ಅಲ್ಲಿ ಹೆದ್ದಾರಿಯನ್ನು ಬಿಟ್ಟು ಪಡುವಣಕ್ಕೆ ತಿರುಗಿದ ಪ್ರಯಾಣಿಕನಿಗೆ ಸ್ವಲ್ಪ ಹೊತ್ತಿನಲ್ಲಿಯೇ ಗಾಳಿಯ ವಾಸನೆ ಬದಲಾದುದು ತಿಳಿಯುತ್ತದೆ. ಒಣಮೀನಿನ, ಉಪ್ಪುನೀರಿನ, ತೆಂಗಿನ ಹೊಂಬಾಳೆಯ ಕಂಪು ಒಂದರೊಡನೊಂದು ಬೆರೆತು ಎದುರುಗೊಳ್ಳುತ್ತದೆ. ಸಸಿಹಿತ್ಲು ಇರುವುದು ಇಲ್ಲಿಯೇ. ಒಂದು ಪಕ್ಕದಲ್ಲಿ ನಂದಿನಿ, ಇನ್ನೊಂದು ಪಕ್ಕದಲ್ಲಿ ಅರಬ್ಬೀ ಸಮುದ್ರ. ಎರಡರ ನಡುವೆ ತೆಂಗಿನ ತೋಟಗಳನ್ನು ಹೊತ್ತು ಮಲಗಿರುವ ಕಿರಿದಾದ ನೆಲ. ಅದರ ಉತ್ತರದ ತುದಿಯಲ್ಲಿ ನಂದಿನಿ ಮತ್ತು ಶಾಂಭವಿ ನದಿಗಳು ಒಂದಾಗಿ ಅಳಿವೆಯನ್ನು ಸೀಳಿಕೊಂಡು ಕಡಲನ್ನು ಸೇರುತ್ತವೆ. ಅಳಿವೆಯ ಆಚೆಗೆ ಮೂಲ್ಕಿ.

ಊರು ಇನ್ನೂ ಕಣ್ಣು ಬಿಡುವ ಮೊದಲೇ ಈ ಮರಳಿನ ಮೇಲೆ ಎರಡು ಬಗೆಯ ಜನ ನಿಂತು ಕಡಲನ್ನು ದಿಟ್ಟಿಸುತ್ತಾರೆ. ಒಬ್ಬರು ಮೀನುಗಾರರು. ಇನ್ನೊಬ್ಬರು ಕಂಕುಳಲ್ಲಿ ನೀಳವಾದ ಹಲಗೆಯನ್ನು ಅವುಚಿಕೊಂಡು ಬಂದ ಸರ್ಫಿಂಗ್ ಹುಡುಗರು. ಒಬ್ಬರಿಗೆ ಅದು ಹೊಟ್ಟೆಯ ಪ್ರಶ್ನೆ, ಮತ್ತೊಬ್ಬರಿಗೆ ಆಟ. ಆದರೆ ಆ ಹೊತ್ತಿನಲ್ಲಿ ಇಬ್ಬರೂ ಕೇಳುವ ಪ್ರಶ್ನೆ ಒಂದೇ: ಇಂದು ಕಡಲು ಹೇಗಿದೆ?

ಈ ಆಟ ಇಲ್ಲಿಗೆ ಬಂದುದು ತೀರ ಹಳೆಯ ಕಥೆಯಲ್ಲ. ಅಮೆರಿಕದಿಂದ ಬಂದು ವೈಷ್ಣವ ಸನ್ಯಾಸವನ್ನು ಸ್ವೀಕರಿಸಿದ ಜ್ಯಾಕ್ ಹೆಬ್ನರ್ ಎಂಬವರು 2004ರಲ್ಲಿ ಮೂಲ್ಕಿಯ ತಮ್ಮ ಆಶ್ರಮದಲ್ಲಿ ಅಲೆಸವಾರಿಗೊಂದು ನೆಲೆಯನ್ನು ಕಲ್ಪಿಸಿದರು. ‘ಸರ್ಫಿಂಗ್ ಸ್ವಾಮಿ’ ಎಂದೇ ಅವರು ಹೆಸರಾದರು. 2016ರ ಮೇ ತಿಂಗಳಲ್ಲಿ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ಎಂಬ ಸ್ಪರ್ಧೆ ಮೊಟ್ಟಮೊದಲಿಗೆ ನಡೆದುದು ಸಸಿಹಿತ್ಲಿನಲ್ಲಿ. 2022 ಮತ್ತು 2023ರಲ್ಲಿ ಅದು ಪಣಂಬೂರಿನ ತೀರಕ್ಕೆ ಹೋಗಿ, 2024 ಮತ್ತು 2025ರಲ್ಲಿ ಮತ್ತೆ ಸಸಿಹಿತ್ಲಿಗೇ ಮರಳಿತು. ಸ್ಪರ್ಧೆಗೆ ಮೇ ತಿಂಗಳ ಕೊನೆಯನ್ನು ಆರಿಸಿಕೊಂಡುದರಲ್ಲಿ ಅರ್ಥವಿದೆ. ಮುಂಗಾರು ಇನ್ನೂ ದಡ ಮುಟ್ಟಿರುವುದಿಲ್ಲ. ಆದರೆ ಅದರ ಮುನ್ಸೂಚನೆಯಂತೆ ಅಲೆಗಳು ಮಾತ್ರ ಮೈತುಂಬಿಕೊಂಡು ಬರತೊಡಗಿರುತ್ತವೆ.

ಐದು ಅಂಗಗಳು

ಮದುವೆಗೆ ಮುಹೂರ್ತವನ್ನು ನೋಡುವವರು ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದನ್ನು ಕೂಡಿಸಿ ನೋಡುವಂತೆ, ಕಡಲಿಗಿಳಿಯುವವರಿಗೂ ಐದು ಅಂಗಗಳ ಒಂದು ಪಂಚಾಂಗವಿದೆ. ಅಲೆಯ ಎತ್ತರ, ಅಲೆಯಿಂದ ಅಲೆಗೆ ಇರುವ ಕಾಲದ ಅಂತರ, ಅದು ಬರುವ ದಿಕ್ಕು, ಗಾಳಿ ಮತ್ತು ಭರತ-ಇಳಿತ. 1999ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ, ಇನ್‌ಕಾಯ್ಸ್ ಎಂದು ಕರೆಯಲ್ಪಡುವ ಭಾರತೀಯ ಸಾಗರ ಮಾಹಿತಿ ಕೇಂದ್ರವು ಕಡಲಿನಲ್ಲಿ ತೇಲಬಿಟ್ಟ ಬೋಯಾಗಳು ಅಳೆದು ಕಳುಹಿಸುವ ಲೆಕ್ಕವನ್ನೂ ಗಣಕಯಂತ್ರದ ಗಣಿತವನ್ನೂ ಕೂಡಿಸಿ ಈ ಪಂಚಾಂಗವನ್ನು ಮುಂಚಿತವಾಗಿಯೇ ಬರೆದಿಡುತ್ತದೆ.

ಎತ್ತರ ಎಲ್ಲರಿಗೂ ತಿಳಿಯುವ ಮಾತು. ಎಲ್ಲರೂ ತಪ್ಪು ತಿಳಿಯುವ ಮಾತೂ ಅದೇ. ಮುನ್ಸೂಚನೆಯಲ್ಲಿ ‘ಒಂದು ಮೀಟರು’ ಎಂದಿದ್ದರೆ ಪ್ರತಿಯೊಂದು ಅಲೆಯೂ ಒಂದು ಮೀಟರಿನದೆಂದು ಅರ್ಥವಲ್ಲ. ಬಂದ ಅಲೆಗಳಲ್ಲಿ ದೊಡ್ಡವಾದ ಮೂರನೆಯ ಒಂದು ಪಾಲನ್ನು ಆರಿಸಿ, ಅವುಗಳ ಸರಾಸರಿಯನ್ನು ಹೇಳುವುದು ಶಾಸ್ತ್ರದ ಕ್ರಮ. ನೂರಾರು ಅಲೆಗಳ ನಡುವೆ ಯಾವುದೋ ಒಂದು ಅದರ ಎರಡರಷ್ಟು ಎತ್ತರವಾಗಿ ಏಳುವುದು ವಿಚಿತ್ರವೇನಲ್ಲ.

ಎರಡನೆಯ ಅಂಗವಾದ ಕಾಲದ ಅಂತರವೇ ಬಲ್ಲವರು ಮೊದಲು ನೋಡುವುದು. ಹತ್ತಿರದ ಗಾಳಿ ಎಬ್ಬಿಸಿದ ಅಲೆಗಳು ಆರು ಸೆಕೆಂಡಿಗೊಂದರಂತೆ ತಡಬಡಿಸಿಕೊಂಡು ಬರುತ್ತವೆ. ಹದಿನೈದು ಸೆಕೆಂಡಿಗೊಂದರಂತೆ ನಿಧಾನವಾಗಿ ಬರುವ ಅಲೆಯ ಹುಟ್ಟೂರು ಬಹು ದೂರ. ಆಫ್ರಿಕಕ್ಕೂ ಆಸ್ಟ್ರೇಲಿಯಕ್ಕೂ ನಡುವೆ, ಭೂಮಧ್ಯರೇಖೆಯ ತೆಂಕಣಕ್ಕೆ ನಲವತ್ತು ಡಿಗ್ರಿಗಳಾಚೆ ಎದ್ದ ಬಿರುಗಾಳಿಯಲ್ಲಿ ಅದು ಹುಟ್ಟಿರುತ್ತದೆ. ದಿನವೊಂದಕ್ಕೆ ಸುಮಾರು 1,000 ಕಿಲೋಮೀಟರಿನಂತೆ ಐದಾರು ದಿನ ನಡೆದು ಕನ್ನಡ ಕರಾವಳಿಯನ್ನು ಮುಟ್ಟುತ್ತದೆ. ಆಳವಾದ ನೀರಿನಲ್ಲಿ ಅದರ ಒಂದು ತಲೆಯಿಂದ ಇನ್ನೊಂದು ತಲೆಗೆ 350 ಮೀಟರುಗಳ ಅಂತರ. ಎತ್ತರ ಒಂದೇ ಆಗಿದ್ದರೂ ಆರು ಸೆಕೆಂಡಿನ ಅಲೆಗಳಿಗಿಂತ ಎರಡೂವರೆ ಪಾಲು ಹೆಚ್ಚಿನ ಶಕ್ತಿಯನ್ನು ಅವು ದಡಕ್ಕೆ ಹೊತ್ತು ತರುತ್ತವೆ. ನಡುಗಡಲಿನಲ್ಲಿ ದೋಣಿಯವನಿಗೆ ಅದು ಹಾದು ಹೋದುದೇ ತಿಳಿಯದಿರಬಹುದು. ತಳ ಸಿಕ್ಕೊಡನೆ ಮಾತ್ರ ಅದರ ನಡಿಗೆ ತಗ್ಗುತ್ತದೆ, ತಲೆ ಏಳುತ್ತದೆ.

ದಿಕ್ಕಿನ ಮಾತಿಗೆ ಹೆಚ್ಚು ವಿವರಣೆ ಬೇಕಿಲ್ಲ. ಮೇ ತಿಂಗಳಿನಿಂದ ಅಲೆಗಳ ಮುಖ್ಯ ದಾರಿ ನೈಋತ್ಯ. ಚಳಿಗಾಲದಲ್ಲಿ ಅರೇಬಿಯದ ಕಡೆ ‘ಶಮಾಲ್’ ಎಂಬ ಗಾಳಿ ಎದ್ದಾಗ ವಾಯವ್ಯದಿಂದಲೂ ಸಣ್ಣ ಅಂತರದ ಅಲೆಗಳು ಬರುತ್ತವೆ.

ನಾಲ್ಕನೆಯದು ಗಾಳಿ. ಇಲ್ಲಿಯ ಜನ ದಿಕ್ಕುಗಳನ್ನು ತುಳುವಿನಲ್ಲಿ ಮೂಡಾಯಿ, ಪಡ್ಡಾಯಿ, ತೆನ್ಕಾಯಿ, ಬಡಕಾಯಿ ಎನ್ನುತ್ತಾರೆ. ಮಳೆಗಾಲ ಕಳೆದ ಮೇಲೆ, ರಾತ್ರಿ ನೆಲ ಬೇಗ ತಣಿಯುವುದರಿಂದ ಮುಂಜಾನೆಯಲ್ಲಿ ಮೂಡಣದಿಂದ ಕಡಲಿನತ್ತ ತಂಗಾಳಿ ಸುಳಿಯುತ್ತದೆ. ಎದುರಿನಿಂದ ಬರುವ ಅಲೆಯ ಎದೆಗೆ ಕೈಯಿಟ್ಟು ತಡೆದಂತೆ ಅದು ಅಲೆಯನ್ನು ಕುಸಿಯಗೊಡದೆ ಹಿಡಿದು ನಿಲ್ಲಿಸುತ್ತದೆ. ನೀರಿನ ಮೈ ಗಾಜಿನಂತೆ ನುಣುಪಾಗುತ್ತದೆ. ಅಲೆಸವಾರರು ಹಂಬಲಿಸುವ ಮುಹೂರ್ತವಿದು. ಬಿಸಿಲೇರಿ ನೆಲ ಕಾದಂತೆ ಗಾಳಿ ಮಗುಚುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಡುವಣ ಗಾಳಿ ಬೀಸಿ, ಅಲೆಗಳ ತಲೆಯನ್ನು ಕೆದರಿ, ಕಡಲನ್ನೆಲ್ಲ ಬಿಳಿಯ ನೊರೆಯಾಗಿಸುತ್ತದೆ. ಹಲಗೆಗಳು ಮನೆ ಸೇರುತ್ತವೆ.

ಐದನೆಯದು ಭರತ-ಇಳಿತ. ದಿನಕ್ಕೆರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಮಂಗಳೂರಿನ ಕಡಲು ಒಂದೂವರೆ ಮೀಟರಿನಷ್ಟು ಏರಿ ಇಳಿಯುತ್ತದೆ. ಇಲ್ಲಿ ಮಾತ್ರ ಅಲೆಗಳ ಪಂಚಾಂಗವೂ ಗೋಡೆಯ ಮೇಲಿನ ಪಂಚಾಂಗವೂ ಒಂದೇ ಚಂದ್ರನನ್ನು ನೋಡಿ ಬರೆದವು.

ಪಂಚಾಂಗದಲ್ಲಿ ಇಲ್ಲದ ಆರನೆಯದು

ಐದೂ ಅಂಗಗಳು ಕೂಡಿ ಬಂದರೂ ಸಸಿಹಿತ್ಲಿನಲ್ಲಿ ಇನ್ನೊಂದು ಉಳಿಯುತ್ತದೆ. ಅದು ಮರಳು.

ಹವಳದ ದಿಬ್ಬದ ಮೇಲೆ, ಬಂಡೆಯ ಮೂಲೆಯಲ್ಲಿ ಅಲೆ ಒಡೆಯುವ ತೀರಗಳು ಲೋಕದಲ್ಲಿ ಹಲವಿವೆ. ಅಲ್ಲಿ ನಿನ್ನೆ ಒಡೆದ ಜಾಗದಲ್ಲಿಯೇ ಇಂದೂ ಒಡೆಯುತ್ತದೆ. ಏಕೆಂದರೆ ಕಲ್ಲು ಕದಲುವುದಿಲ್ಲ. ಸಸಿಹಿತ್ಲಿನದು ಮರಳಿನ ತಳ. ನೀರಿನ ಆಳವು ಅಲೆಯ ಎತ್ತರಕ್ಕೆ ಸಮೀಪವಾದಾಗ, ಎಂದರೆ ಎತ್ತರದ ಒಂದೂಕಾಲು ಪಾಲಿನಷ್ಟಕ್ಕೆ ಇಳಿದಾಗ, ಅಲೆ ಒಡೆಯುತ್ತದೆ. ಆ ಆಳವನ್ನು ನಿರ್ಣಯಿಸುವುದು ನೀರಿನಡಿಯ ಮರಳುದಿಬ್ಬ. ಮಳೆಗಾಲದ ಅಬ್ಬರದಲ್ಲಿ ಮೂರು ಮೀಟರನ್ನೂ ಮೀರುವ ಅಲೆಗಳು ದಡದ ಮರಳನ್ನು ಕಿತ್ತು ಕಡಲಿಗೆ ಒಯ್ಯುತ್ತವೆ. ಶಾಂತಕಾಲದ ಸಣ್ಣ ಅಲೆಗಳು ಅದನ್ನು ಮೆಲ್ಲಮೆಲ್ಲನೆ ಹಿಂದಿರುಗಿಸುತ್ತವೆ. ಸಾಲದುದಕ್ಕೆ ಅಳಿವೆಯಲ್ಲಿ ಎರಡು ನದಿಗಳ ನೆರೆ. ತೆಂಗಿನ ಬುಡದವರೆಗೆ ನೆಲವನ್ನು ಕಡಲು ಕೊರೆದುಕೊಂಡ ವರ್ಷಗಳನ್ನು ಈ ಊರು ಬಲ್ಲದು. ಹೈದರಾಬಾದಿನ ಗಣಕಯಂತ್ರಕ್ಕೆ ದಕ್ಷಿಣ ಸಾಗರದ ಬಿರುಗಾಳಿ ಕಾಣುತ್ತದೆ; ನಿನ್ನೆಯ ರಾತ್ರಿ ಸಸಿಹಿತ್ಲಿನ ಮರಳುದಿಬ್ಬ ಹತ್ತು ಮಾರು ಸರಿದುದು ಕಾಣುವುದಿಲ್ಲ. ಅದನ್ನು ಕಾಣುವುದು ದಡದಲ್ಲಿ ನಿಂತ ಕಣ್ಣು ಮಾತ್ರ.

ಆ ಕಣ್ಣು ನೋಡುವುದೇನನ್ನು? ದಿಬ್ಬದ ಮೇಲೆ ಅಲೆ ಒಡೆದು ದಡದತ್ತ ತಳ್ಳಿದ ನೀರು ಹಿಂದಿರುಗಲೇಬೇಕಷ್ಟೆ. ಅದು ದಿಬ್ಬಗಳ ನಡುವೆ ಒಂದು ಕಾಲುವೆಯನ್ನು ಕೊರೆದುಕೊಂಡು ಅದರ ಮೂಲಕ ಕಡಲಿಗೆ ಧಾವಿಸುತ್ತದೆ. ಕಾಲುವೆಯಲ್ಲಿ ಆಳ ಹೆಚ್ಚು. ಆದುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಏಳುವುದಿಲ್ಲ. ಎಡಕ್ಕೂ ಬಲಕ್ಕೂ ಕಡಲು ಭೋರ್ಗರೆಯುತ್ತಿರುವಾಗ ನಡುವೆ ಒಂದು ಪಟ್ಟಿಯಷ್ಟು ನೀರು ಕೊಳದಂತೆ ಸುಮ್ಮನಿರುತ್ತದೆ. ಘಟ್ಟದ ಮೇಲಿನಿಂದ ಮಕ್ಕಳೊಡನೆ ಬಂದ ಪ್ರವಾಸಿಯು ಅದನ್ನು ನೋಡಿ, ಇಲ್ಲಿ ಅಲೆಯಿಲ್ಲ, ಇಲ್ಲಿಯೇ ಇಳಿಯುವುದು ಕ್ಷೇಮವೆಂದು ಭಾವಿಸುತ್ತಾನೆ. ಕಡಲಿನ ಬಾಯಿ ಅದೇ. ಅಲ್ಲಿಯ ಸೆಳೆತವು ಸೆಕೆಂಡಿಗೆ ಎರಡು ಮೀಟರಿನಷ್ಟು ವೇಗವನ್ನು ಮುಟ್ಟಬಹುದು. ಪಳಗಿದ ಈಜುಗಾರನೂ ಅದರ ಎದುರಿಗೆ ಈಜಿ ಗೆಲ್ಲಲಾರನು. ಇಳಿತದ ಹೊತ್ತಿನಲ್ಲಿ ಅದರ ಬಲ ಸಾಮಾನ್ಯವಾಗಿ ಇನ್ನಷ್ಟು ಹೆಚ್ಚುತ್ತದೆ.

ಅಜ್ಞನನ್ನು ಮುಳುಗಿಸುವ ಈ ಕಾಲುವೆಯೇ ತಜ್ಞನಿಗೆ ದಾರಿಯಾಗುವುದು ಸೋಜಿಗ. ಅಲೆಸವಾರನು ಹಲಗೆಯ ಮೇಲೆ ಬೋರಲಾಗಿ ಮಲಗಿ, ಒಡೆಯುವ ಅಲೆಗಳೊಡನೆ ಸೆಣಸದೆ, ಈ ಸೆಳೆತದ ಬೆನ್ನೇರಿ ನಿರಾಯಾಸವಾಗಿ ಹೊರಗಡಲನ್ನು ಸೇರುತ್ತಾನೆ. ಅಳಿವೆಯ ಬಾಗಿಲನ್ನು ದಾಟುವ ದೋಣಿಯವನ ಲೆಕ್ಕವೂ ಇದಕ್ಕೆ ದೂರವಲ್ಲ. ದೂರದ ಅಲೆಗಳು ಗುಂಪುಗುಂಪಾಗಿ ಬರುತ್ತವೆ. ನಾಲ್ಕಾರು ದೊಡ್ಡ ಅಲೆಗಳು ಹಾಯ್ದ ಮೇಲೆ ಕೆಲವು ನಿಮಿಷಗಳ ಬಿಡುವು. ದೋಣಿಯವನು ಯಂತ್ರವನ್ನು ಸಣ್ಣದು ಮಾಡಿಕೊಂಡು, ದೊಡ್ಡ ಗುಂಪು ಹಾಯಲೆಂದು ಕಾದು, ಬಿಡುವಿನಲ್ಲಿ ನುಗ್ಗುತ್ತಾನೆ. ಅದೇ ಬಿಡುವಿನಲ್ಲಿ ದಡಕ್ಕೆ ಬಂದಿಳಿದ ಪ್ರವಾಸಿಗೆ ಮಾತ್ರ ಕಡಲು ಶಾಂತವಾಗಿರುವಂತೆ ತೋರುತ್ತದೆ.

ಕಳ್ಳ ಕಡಲು

ದೂರದ ಅಲೆಗೆ ಕೇರಳದ ಮೀನುಗಾರರು ಇಟ್ಟ ಹೆಸರೊಂದಿದೆ: ‘ಕಳ್ಳಕ್ಕಡಲ್’. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಮಳೆಯಿಲ್ಲ. ಆಕಾಶ ತಿಳಿಯಾಗಿರುವಾಗಲೇ ಕಡಲು ಕಳ್ಳನಂತೆ ಬಂದು ದಡವನ್ನು ನುಂಗುತ್ತದೆ. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಹೆಸರನ್ನೇ ಶಾಸ್ತ್ರೀಯ ಬಳಕೆಗೆ ಒಪ್ಪಿಕೊಂಡಿತು. ಮೀನುಗಾರನ ಮಾತು ವಿಜ್ಞಾನದ ನಿಘಂಟನ್ನು ಸೇರಿತು.

ಆ ಮಾತು ಎಲ್ಲರ ಕಿವಿಯನ್ನು ಮಾತ್ರ ಇನ್ನೂ ಸೇರಿಲ್ಲ. 2024ರ ಮೇ ತಿಂಗಳ ಮೊದಲ ವಾರದಲ್ಲಿ ಇಂಥ ಅಲೆಗಳು ಬರಲಿವೆಯೆಂದು ಎಚ್ಚರಿಕೆ ಹೊರಟಿದ್ದಿತು. ಆದರೂ 6ನೆಯ ತಾರೀಖಿನಂದು ಕನ್ಯಾಕುಮಾರಿ ಜಿಲ್ಲೆಯ ಒಂದು ತೀರದಲ್ಲಿ ವೈದ್ಯಕೀಯ ವ್ಯಾಸಂಗ ಮಾಡುತ್ತಿದ್ದ ಐವರು ತರುಣ ತರುಣಿಯರು ನೀರುಪಾಲಾದರು. ಅದೇ ವರ್ಷದ ಡಿಸೆಂಬರ್ 10ರಂದು, ಕಡಲು ಸಾಮಾನ್ಯವಾಗಿ ಸೌಮ್ಯವಾಗಿರುವ ಕಾಲದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರನ್ನು ಮುರುಡೇಶ್ವರದ ಕಡಲು ಸೆಳೆದುಕೊಂಡಿತು. ಬಯಲುಸೀಮೆಯ ಮಕ್ಕಳಿಗೆ ಕಡಲೆಂದರೆ ಹಿಗ್ಗು. ಅದರ ಪಂಚಾಂಗವನ್ನು ಅವರಿಗೆ ಯಾವ ಪಾಠದಲ್ಲಿಯೂ ಹೇಳಿಕೊಟ್ಟಿರುವುದಿಲ್ಲ.

ಹೇಳಿಕೊಡಬೇಕಾದುದು ಬಹಳವೇನೂ ಇಲ್ಲ. ಕೆಂಪು ಬಾವುಟವಿದ್ದರೆ ನೀರಿಗಿಳಿಯಬಾರದು. ಬಾವುಟವಿಲ್ಲದಿದ್ದರೂ ಅರ್ಧ ಗಂಟೆ ಮರಳಿನ ಮೇಲೆ ಕುಳಿತು ಕಡಲನ್ನು ನೋಡಬೇಕು. ಅಷ್ಟರಲ್ಲಿ ಬಿಡುವೂ ಕಳೆದು ದೊಡ್ಡ ಅಲೆಗಳ ಗುಂಪು ಬಂದು ಹೋಗುತ್ತದೆ, ನೊರೆಯಿಲ್ಲದ ಕಾಲುವೆಯೂ ಕಣ್ಣಿಗೆ ಬೀಳುತ್ತದೆ. ಸೆಳೆತಕ್ಕೆ ಸಿಕ್ಕಿದವನು ದಡದತ್ತ ನೇರವಾಗಿ ಈಜಲು ಹೆಣಗಬಾರದು. ಮೈಯನ್ನು ತೇಲಬಿಟ್ಟು, ಉಸಿರು ಉಳಿಸಿಕೊಂಡು, ದಡಕ್ಕೆ ಸಮಾಂತರವಾಗಿ ಪಕ್ಕಕ್ಕೆ ಈಜಿದರೆ ಸೆಳೆತದ ಪಟ್ಟಿ ಮುಗಿಯುತ್ತದೆ. ಆಮೇಲೆ ಒಡೆಯುವ ಅಲೆಗಳೇ ಅವನನ್ನು ದಡದತ್ತ ತಳ್ಳುತ್ತವೆ. ಎಲ್ಲಕ್ಕೂ ಮೊದಲು, ದಡದಲ್ಲಿ ಬಲೆ ಬಿಡಿಸುತ್ತಿರುವವರನ್ನು ಒಂದು ಮಾತು ಕೇಳಬೇಕು. ಕೇಳುವುದಕ್ಕೆ ಕಾಸು ಬೀಳುವುದಿಲ್ಲ.

ಹೊತ್ತೇರುತ್ತ ಸಸಿಹಿತ್ಲಿನಲ್ಲಿ ಗಾಳಿ ಮಗುಚುತ್ತದೆ. ತೆಂಗಿನ ಗರಿಗಳು ಮೂಡಣಕ್ಕೆ ಬಾಗುತ್ತವೆ. ಹುಡುಗರು ಹಲಗೆಗಳನ್ನು ತೊಳೆದು ನೆರಳಿಗೆ ಒರಗಿಸುತ್ತಾರೆ. ಮೀನುಗಾರರು ಬಲೆಯ ಹರುಕುಗಳಿಗೆ ದಾರವನ್ನು ಪೋಣಿಸುತ್ತಾರೆ. ನಾಳೆಯ ಎತ್ತರ, ಅಂತರ, ದಿಕ್ಕು, ಗಾಳಿ, ಭರತಗಳೆಲ್ಲ ಆಗಲೇ ಅವರವರ ದೂರವಾಣಿಗೆ ಬಂದಿರುತ್ತವೆ. ಆದರೂ ನಾಳೆ ಮುಂಜಾನೆ ಬೆಳಕು ಹರಿಯುವ ಮೊದಲೇ ಇಬ್ಬರೂ ಮತ್ತೆ ಬಂದು, ಅದೇ ಮರಳಿನ ಮೇಲೆ ನಿಂತು, ಕಡಲನ್ನು ಮೊದಲ ಬಾರಿ ನೋಡುವವರಂತೆ ನೋಡುತ್ತಾರೆ.