ಚಕ್ರದ ಮನೆಯ ಹೊಸ್ತಿಲು

ಅಮೆರಿಕದ ವಯೋಮಿಂಗ್ ರಾಜ್ಯದ ವಾಯವ್ಯ ಮೂಲೆಯಲ್ಲಿ, ಸಮುದ್ರಮಟ್ಟದಿಂದ 2,357 ಮೀಟರ್ ಎತ್ತರದಲ್ಲಿ ಯೆಲ್ಲೋಸ್ಟೋನ್ ಸರೋವರವು ಹರಡಿಕೊಂಡಿದೆ. ಸರೋವರದ ನೀರು ನದಿಯಾಗಿ ಹೊರಹೊರಡುವ ಸ್ಥಳದ ಬಳಿ ಒಂದು ಹಳೆಯ ಸೇತುವೆ. ಹೆಸರು ಫಿಶಿಂಗ್ ಬ್ರಿಡ್ಜ್. ಹೆಸರೇನೋ ಮೀನುಗಾರಿಕೆಯದು, ಆದರೆ 1973ರಿಂದ ಆ ಸೇತುವೆಯ ಮೇಲೆ ನಿಂತು ಗಾಳ ಹಾಕುವಂತಿಲ್ಲ. ಅದರ ಸಮೀಪದಲ್ಲಿಯೇ ಚಕ್ರದ ಮನೆಗಳಿಗೆ ಮೀಸಲಾದ ಬೀಡೊಂದುಂಟು. ಅಲ್ಲಿ ಡೇರೆ ಹೂಡಲು ಅನುಮತಿಯಿಲ್ಲ. ಬಟ್ಟೆಯ ಗೋಡೆಯುಳ್ಳ ಮಡಿಸುವ ಟ್ರೈಲರುಗಳಿಗೂ ಇಲ್ಲ. ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಪ್ರವೇಶ. ಏಕೆಂದರೆ ಅದು ಗ್ರಿಜ್ಲಿ ಕರಡಿಗಳ ಸಂಚಾರದ ನೆಲ.

ಬೇಸಗೆಯ ರಜೆ ಬಂತೆಂದರೆ ಸಾಕು, ಇಡೀ ಸಂಸಾರವೇ ಒಲೆ, ಹಾಸಿಗೆ, ಪಾತ್ರೆಪಡಗಗಳೊಡನೆ ಕ್ಯಾಂಪರ್ ಏರಿ ಇಂಥ ಕಡೆಗೆ ಹೊರಡುತ್ತದೆ. ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೈಲರ್ ಕೆಲವರದು. ಎಂಜಿನ್ನೂ ಮನೆಯೂ ಒಂದೇ ಆದ ಮೋಟಾರ್ ಹೋಮ್ ಕೆಲವರದು. ಅಜ್ಜಿಯಿಂದ ಹಿಡಿದು ಅಂಬೆಗಾಲಿನ ಕೂಸಿನವರೆಗೆ ಎಲ್ಲರೂ ಅದರಲ್ಲಿರುತ್ತಾರೆ. ಅಲ್ಲಿಯ ಸಂಸಾರಗಳಲ್ಲಿ ನಾಯಿಯೂ ಮನೆಯ ಮಗುವೇ ಆದ್ದರಿಂದ ಅದಕ್ಕೂ ಒಂದು ಸ್ಥಳವಿರಲೇಬೇಕು.

ಕರಡಿಗೆ ಗೋಡೆ ಅಡ್ಡ ಬಂದೀತು. ಆದರೆ ಗೋಡೆಗೊಂದು ಬಾಗಿಲಿದೆಯಲ್ಲ! ಮಗುವಿಗೂ ನಾಯಿಗೂ ಬಾಗಿಲಿನಾಚೆಯದೆಲ್ಲ ತಮ್ಮ ಅಂಗಳವೇ.

ಊರಿನ ಮನೆಯಲ್ಲಿ ಕೂಸು ಹೊಸ್ತಿಲಿನ ಎತ್ತರವನ್ನು ಒಮ್ಮೆ ಕಲಿತರೆ ಆಯಿತು. ಮೊದಲ ಸಲ ಅದು ಹೊಸ್ತಿಲು ದಾಟಿದ ದಿನ ಸಿಹಿ ಮಾಡುವ ಮನೆಗಳು ನಮ್ಮಲ್ಲಿ ಇಂದಿಗೂ ಉಂಟು. ಚಕ್ರದ ಮನೆಯ ಹೊಸ್ತಿಲಾದರೋ ನೆಲದಿಂದ ಎರಡು ಮೂರು ಅಡಿ ಮೇಲಿರುತ್ತದೆ. ಅದರ ಕೆಳಗೆ ಮಡಿಸಿ ಬಿಚ್ಚುವ ಲೋಹದ ಮೆಟ್ಟಿಲುಗಳು. ನಿನ್ನೆಯ ಬೀಡಿನಲ್ಲಿ ಕೊನೆಯ ಮೆಟ್ಟಿಲು ನೆಲಕ್ಕೆ ತಾಗಿಕೊಂಡಂತಿದ್ದರೆ, ಇಂದಿನ ಇಳಿಜಾರಿನಲ್ಲಿ ಅದೇ ಮೆಟ್ಟಿಲು ಒಂದಡಿ ಮೇಲೆ ತೂಗುತ್ತಿರಬಹುದು. ಪುಟ್ಟ ಕಾಲಿಗೆ ಇದು ತಿಳಿಯುವುದೆಂತು? ಮೆಟ್ಟಿಲುಗಳ ನಡುವೆ ಹಿಂಬದಿ ಬಯಲು; ಕಾಲು ತೂರಿ ಸಿಕ್ಕಿಕೊಳ್ಳಲು ಅಷ್ಟೇ ಸಾಕು. ಕೆಲವು ಮೋಟಾರ್ ಹೋಮ್‌ಗಳಲ್ಲಿ ಮೆಟ್ಟಿಲು ವಿದ್ಯುತ್ತಿನಿಂದ ತಾನಾಗಿ ಒಳಕ್ಕೆ ಸರಿಯುತ್ತದೆ. ಅದರ ಮೇಲೆ ಕುಳಿತು ಬೊಂಬೆಯಾಡುವ ಮಗುವಿಗೆ ಆ ಯಂತ್ರದ ಸಮಯ ತಿಳಿದಿರುವುದಿಲ್ಲ.

ಬಾಗಿಲಿನ ರಚನೆಯನ್ನೂ ಸ್ವಲ್ಪ ಗಮನಿಸಬೇಕು. ಒಂದರ ಮೇಲೊಂದು ಅಂಟಿಕೊಂಡ ಎರಡು ಬಾಗಿಲುಗಳವು: ಹೊರಗಿನದು ಗಟ್ಟಿ, ಒಳಗಿನದು ಸೊಳ್ಳೆ ಬಾರದಂತೆ ಹಾಕಿದ ಜಾಲರಿ. ಎರಡೂ ಹೊರಮುಖವಾಗಿ ತೆರೆಯುತ್ತವೆ. ಗಾಳಿಗಾಗಿ ಗಟ್ಟಿ ಬಾಗಿಲನ್ನು ಹೊರಗೆ ಕೊಂಡಿಗೆ ಸಿಕ್ಕಿಸಿ, ಜಾಲರಿಯನ್ನು ಮುಚ್ಚಿ, ತಾಯಿ ಒಲೆಯತ್ತ ತಿರುಗುತ್ತಾಳೆ. ಬಾಗಿಲು ಮುಚ್ಚಿದೆಯೆಂದೇ ಅವಳ ಭಾವನೆ. ಆದರೆ ಜಾಲರಿ ತಡೆಯುವುದು ಸೊಳ್ಳೆಯನ್ನು. ಹೊರಗೆ ಅಳಿಲನ್ನು ಕಂಡು ಎರಡೂ ಕೈಯೂರಿ ಒರಗಿದ ಮಗುವನ್ನಲ್ಲ. ಹದಿನೈದು ಕಿಲೋ ತೂಕದ ನಾಯಿ ನುಗ್ಗಿದರಂತೂ ಅದು ಚೌಕಟ್ಟಿನಿಂದ ಕಿತ್ತೇ ಬರಬಹುದು. ಆದ್ದರಿಂದ ಅನುಭವಸ್ಥರು ಜಾಲರಿಯ ಕೆಳ ಅರ್ಧಕ್ಕೆ ಅಲ್ಯೂಮಿನಿಯಮ್ ಕಂಬಿಯ ಕವಚ ಹಾಕಿಸುತ್ತಾರೆ. ಒಳಗೆ, ಹೊಸ್ತಿಲಿನ ಮೇಲೆ, ಮಗುವಿನ ಎದೆಮಟ್ಟದ ಅಡ್ಡಗೇಟನ್ನು ನಿಲ್ಲಿಸುತ್ತಾರೆ. ನಮ್ಮ ಹಳೆಯ ಮನೆಗಳಲ್ಲಿ ಬಾಗಿಲಿಗೆ ಅಡ್ಡಲಾಗಿ ಹಲಗೆ ಇಡುತ್ತಿದ್ದರಲ್ಲ, ಅದೇ ಉಪಾಯ.

ಗಾಳಿಯದು ಬೇರೆಯೇ ಉಪದ್ರವ. ಕೊಂಡಿ ಸಡಿಲವಾಗಿದ್ದರೆ ಒಂದೇ ಬೀಸಿಗೆ ಬಾಗಿಲು ಧಡ್ಡನೆ ಬಂದು ಬಡಿಯುತ್ತದೆ. ಬಿಜಾಗರಿಯ ಸಂದಿನಲ್ಲಿ ಬೆರಳಿಟ್ಟು ನಿಲ್ಲುವುದು ಎಲ್ಲ ದೇಶದ ಮಕ್ಕಳಿಗೂ ಸಹಜವಾದ ಅಭ್ಯಾಸ. ವಾಹನವನ್ನು ಸಮತಟ್ಟಾಗಿ ನಿಲ್ಲಿಸದಿದ್ದರೆ ಗಾಳಿಯೂ ಬೇಕಿಲ್ಲ. ಬಾಗಿಲು ತನ್ನ ಭಾರಕ್ಕೆ ತಾನೇ ತೂಗಿಕೊಂಡು ಬರುತ್ತದೆ.

ಇಷ್ಟೆಲ್ಲ ಜಾಗರೂಕತೆ ಅತಿಯಾಯಿತೆಂದು ವಾಚಕರಿಗೆ ಅನಿಸಬಹುದು. ಬೇರೆಡೆಯಾದರೆ ಅದು ಮೊಣಕಾಲು ತರಚುವ ಮಾತಷ್ಟೇ ಆಗಿ ಮುಗಿಯುತ್ತಿತ್ತೇನೋ. ಯೆಲ್ಲೋಸ್ಟೋನಿನಲ್ಲಿ ಹಾಗಲ್ಲ.

1872ರಲ್ಲಿ ಸ್ಥಾಪಿತವಾದ ಈ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 9,000 ಚದರ ಕಿಲೋಮೀಟರ್. ಬಿಸಿನೀರಿನ ಬುಗ್ಗೆ, ಕುದಿಯುವ ಕೆಸರು, ಹಬೆಯ ಕಂಡಿ ಎಲ್ಲ ಸೇರಿ ಹತ್ತು ಸಾವಿರಕ್ಕೂ ಹೆಚ್ಚು. ಆ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ನೋಡಲು ಎಂಥ ಮೋಹಕ ನೀಲಿ! ತಳದವರೆಗೂ ಕಾಣುವ ಸ್ವಚ್ಛ ನೀರು. ಅದು ಸುಡುವ ನೀರೆಂದು ನಾಯಿಯ ಕಣ್ಣಿಗೆ ತೋರುವುದಿಲ್ಲ.

1981ರ ಜುಲೈ ತಿಂಗಳಲ್ಲಿ ಇಬ್ಬರು ಮಿತ್ರರು ಫೌಂಟನ್ ಪೇಂಟ್ ಪಾಟ್ ಎಂಬಲ್ಲಿ ತಮ್ಮ ಟ್ರಕ್ಕನ್ನು ನಿಲ್ಲಿಸಿದರು. ಅದರಲ್ಲಿದ್ದ ದೊಡ್ಡ ನಾಯಿ ತಪ್ಪಿಸಿಕೊಂಡು ಓಡಿ ಸೆಲೆಸ್ಟೀನ್ ಎಂಬ ಕೊಳಕ್ಕೆ ಹಾರಿತು. ಆ ಕೊಳದ ಉಷ್ಣತೆ 94 ಡಿಗ್ರಿಯಷ್ಟು. ಸುತ್ತಲಿದ್ದವರು ಬೇಡವೆಂದು ಕೂಗುತ್ತಿದ್ದಂತೆಯೇ ಮಿತ್ರರಲ್ಲೊಬ್ಬ, 24ರ ತರುಣ, ಅದನ್ನುಳಿಸಲು ಧುಮುಕಿದ. ನಾಯಿ ಉಳಿಯಲಿಲ್ಲ, ಮರುದಿನ ಅವನೂ ತೀರಿಕೊಂಡ. ನಲವತ್ತು ವರ್ಷಗಳ ತರುವಾಯ, 2021ರ ಅಕ್ಟೋಬರಿನಲ್ಲಿ, ತಂದೆ ಮಗಳು ಫೈರ್‌ಹೋಲ್ ನದಿಯ ಸಮೀಪ ಕಾರು ನಿಲ್ಲಿಸಿದಾಗ ಅವರ ನಾಯಿ ಹೊರಕ್ಕೆ ಜಿಗಿದು ಮೇಡನ್ಸ್ ಗ್ರೇವ್ ಬುಗ್ಗೆಗೆ ಬಿತ್ತು. ಇಪ್ಪತ್ತು ವರ್ಷದ ಮಗಳು ಹಿಂದೆಯೇ ಇಳಿದಳು. ತಂದೆ ಅವಳನ್ನು ಮೇಲಕ್ಕೆಳೆದನಾದರೂ ಅಷ್ಟರಲ್ಲಿ ಹೆಗಲಿನಿಂದ ಪಾದದವರೆಗೆ ಸುಟ್ಟಿತ್ತು. ನಾಯಿ ಸತ್ತಿತು.

ಎರಡು ಸಲವೂ ಅನರ್ಥಕ್ಕೆ ಮೊದಲಾದದ್ದು ವಾಹನದಿಂದ ತಪ್ಪಿಸಿಕೊಂಡ ನಾಯಿ. ನಾಯಿಯ ಹಿಂದೆ ಮನುಷ್ಯ ಓಡಿಯೇ ಓಡುತ್ತಾನೆ; ಪ್ರೀತಿಗೆ ಉಷ್ಣಮಾಪಕವಿಲ್ಲ. ಆದ್ದರಿಂದಲೇ ತಿಳಿದವರು ಮೊದಲು ಕೊರಳಪಟ್ಟಿಗೆ ಹಗ್ಗ ತೊಡಿಸಿ, ಅದರ ತುದಿಯನ್ನು ಕೈಯಲ್ಲಿ ಸುತ್ತಿಕೊಂಡು, ಅನಂತರ ಬಾಗಿಲಿನ ಹಿಡಿಯನ್ನು ಮುಟ್ಟುತ್ತಾರೆ. ಈ ಕ್ರಮ ಹಿಂದುಮುಂದಾಗಬಾರದು. ಬಾಗಿಲು ತೆರೆದರೂ ಅಪ್ಪಣೆಯಾಗುವವರೆಗೆ ಹೊಸ್ತಿಲಿನ ಒಳಗೇ ಕೂಡುವಂತೆ ನಾಯಿಯನ್ನು ಪಳಗಿಸುವುದನ್ನು ಮನೆಯಲ್ಲಿಯೇ, ಪ್ರವಾಸಕ್ಕೆ ವಾರಗಳ ಮುಂಚೆಯೇ ಆರಂಭಿಸಬೇಕು. ಉದ್ಯಾನದ ನಿಯಮದಂತೆ ಹಗ್ಗ ಆರಡಿ ಮೀರಕೂಡದು. ರಸ್ತೆ, ವಾಹನ ನಿಲ್ದಾಣ ಮತ್ತು ಬೀಡುಗಳಿಂದ ನೂರಡಿಯಾಚೆಗೆ ನಾಯಿಯನ್ನು ಒಯ್ಯಕೂಡದು. ಬುಗ್ಗೆಗಳ ನಡುವಿನ ಹಲಗೆದಾರಿಗೆ ಅದಕ್ಕೆ ಪ್ರವೇಶವೇ ಇಲ್ಲ. ಕಟ್ಟಿಹಾಕಿ ಒಂಟಿಯಾಗಿ ಬಿಟ್ಟುಹೋಗುವುದೂ ನಿಷಿದ್ಧ. ಮೆಟ್ಟಿಲಿನ ಪಕ್ಕದಲ್ಲಿ ನಾಯಿಯ ಊಟದ ಬಟ್ಟಲನ್ನು ಮರೆತರೆ ಅದು ಕರಡಿಗೆ ಕೊಟ್ಟ ಆಹ್ವಾನವೇ ಸರಿ.

ಮಕ್ಕಳ ವಿಷಯದಲ್ಲಿ ಹಗ್ಗವಿಲ್ಲವಲ್ಲ! ಬಾಗಿಲಿನ ಒಳಬದಿಯಲ್ಲಿ, ದೊಡ್ಡವರ ಕೈಗೆ ಮಾತ್ರ ಎಟುಕುವಷ್ಟು ಮೇಲೆ, ಇನ್ನೊಂದು ಚಿಲಕ ಹಾಕುವುದು ವಾಡಿಕೆ. ಬೀಗ ಮಾತ್ರ ಕೂಡದು. ಒಲೆಯೂ ಹಾಸಿಗೆಯೂ ಒಂದೇ ಕೋಣೆಯಲ್ಲಿರುವ ಈ ಮನೆಯಲ್ಲಿ ಬೆಂಕಿ ಬಿದ್ದರೆ ಕೀಲಿಕೈ ಹುಡುಕುವಷ್ಟು ಕಾಲವಿರುವುದಿಲ್ಲ. ತುರ್ತಿಗೆಂದು ಮಾಡಿದ ಕಿಟಕಿಯನ್ನೂ ಸಾಮಾನಿನಿಂದ ಮುಚ್ಚಬಾರದು. ಚಿಲಕದ ಜೊತೆಗೆ ಒಂದು ಪುಟ್ಟ ಗಂಟೆಯನ್ನು ತೂಗಹಾಕಿದರೆ, ಇರುಳಿನಲ್ಲಿ ಬಾಗಿಲು ಅಲುಗಿದೊಡನೆ ತಾಯಿಗೆ ಎಚ್ಚರವಾಗುತ್ತದೆ. ಅಗ್ಗದ ಉಪಾಯವೆಂದು ಕಡೆಗಣಿಸಬೇಕಾಗಿಲ್ಲ.

ಬೆಳಗಿನ ಜಾವ ಈ ಬೀಡುಗಳ ನಡುವೆ ಕಾಡೆಮ್ಮೆಗಳು, ಎಂದರೆ ಅಲ್ಲಿಯ ಬೈಸನ್ನುಗಳು, ನಿಧಾನವಾಗಿ ಮೇಯುತ್ತ ಹಾದುಹೋಗುವುದುಂಟು. ಗಂಡು ಬೈಸನ್ 900 ಕಿಲೋ ತೂಗಬಲ್ಲದು. ಮನುಷ್ಯನಿಗಿಂತ ಮೂರು ಪಟ್ಟು ವೇಗದಿಂದ ಓಡಬಲ್ಲದು. ಅದರಿಂದ 23 ಮೀಟರ್, ಕರಡಿ ತೋಳಗಳಿಂದ 91 ಮೀಟರ್ ದೂರವಿರಬೇಕೆಂದು ನಿಯಮ. ಆದ್ದರಿಂದ ಅಂಥ ಬೆಳಗಿನಲ್ಲಿ ತಂದೆ ಮೊದಲು ಕಿಟಕಿಯ ಪರದೆ ಸರಿಸಿ ಎರಡೂ ಪಕ್ಕ ನೋಡುತ್ತಾನೆ. ಬೈಸನ್ ಬಾಗಿಲ ಬಳಿಯೇ ನಿಂತಿದ್ದರೆ ಕಾಫಿ ಒಳಗೇ ಆಗುತ್ತದೆ. ಮಕ್ಕಳು ಗಾಜಿಗೆ ಮೂಗೊತ್ತಿ ನೋಡುತ್ತಾರೆ. ನಾಯಿ ಮಂಚದ ಕೆಳಗಿನಿಂದ ಗುರುಗುಡುತ್ತದೆ. ಅದು ತನ್ನ ಪಾಡಿಗೆ ತಾನು ನದಿಯತ್ತ ಇಳಿದುಹೋದ ಮೇಲೆಯೇ ಮೆಟ್ಟಿಲು ಬಿಚ್ಚುವುದು.